ಹಾಸನದ ಸುದ್ದಿ, ಜಯದೇವದ ಕ್ಯೂ: ಎಲ್ಲಾ ಫೋನಲ್ಲೇ ಸಿಕ್ಕರೂ ಡಾಕ್ಟರ್ ಯಾಕೆ ಬೇಕು?

2025ರ ಜೂನ್ ತಿಂಗಳಲ್ಲಿ ಟಿವಿ ಹಾಕಿದ್ರೆ ಸಾಕು, ಕೆಳಗೆ ಓಡೋ ಪಟ್ಟಿಯಲ್ಲಿ ಹಾಸನ. ‘ಹೃದಯಾಘಾತಕ್ಕೆ ಮತ್ತೊಂದು ಬಲಿ’ ಅಂತ ದಿನಾ ಒಂದು ಫೋಟೋ, ಪಕ್ಕದಲ್ಲಿ ಇಲ್ಲಿವರೆಗೆ ಎಷ್ಟಾಯ್ತು ಅನ್ನೋ ಲೆಕ್ಕ, ಥೇಟ್ ಕ್ರಿಕೆಟ್ ಸ್ಕೋರ್ ಥರ. ಸುಮಾರು 40 ದಿನದಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಾವು, ಅದರಲ್ಲಿ ಚಿಕ್ಕ ವಯಸ್ಸಿನವರೂ ಇದ್ದಿದ್ರಿಂದ ಜನರ ಎದೆ ಝಲ್ಲೆಂದಿತು. ಕೆಲವೇ ದಿನದಲ್ಲಿ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳ್ಳಂಬೆಳಗ್ಗೆಯಿಂದಲೇ ಕ್ಯೂ, ಬೆಂಗಳೂರಲ್ಲೂ ಅದೇ ಕಥೆ. ಬಂದವರಲ್ಲಿ ಎಷ್ಟೋ ಜನಕ್ಕೆ ಯಾವ ತೊಂದ್ರೆನೂ ಇರಲಿಲ್ಲ, ‘ಒಂದ್ಸಲ ಚೆಕ್ ಮಾಡಿಸ್ಬಿಡೋಣ’ ಅಷ್ಟೇ. ಗಾಬರಿಯಿಂದ ಹೀಗೆ ಓಡಿ ಬರಬೇಡಿ ಅಂತ ಡಾಕ್ಟರ್‌ಗಳೇ ಮನವಿ ಮಾಡ್ಕೋಬೇಕಾಯ್ತು.

ಇದೇನು ಮೊದಲ ಸಲ ಅಲ್ಲ. 2021ರ ಅಕ್ಟೋಬರ್ 29ಕ್ಕೆ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೋದಾಗಲೂ ಹೃದಯದ ಆಸ್ಪತ್ರೆಗಳ ಮುಂದೆ ಇದೇ ಥರ ಜನ ಸೇರಿದ್ರು.

ವಿಚಿತ್ರ ಏನಂದ್ರೆ, ಹೃದಯದ ಬಗ್ಗೆ ಕನ್ನಡದಲ್ಲಿ ಈಗ ಸಿಗೋವಷ್ಟು ಮಾಹಿತಿ ಹಿಂದೆ ಯಾವತ್ತೂ ಸಿಗ್ತಿರಲಿಲ್ಲ. ರೀಲ್ಸ್ ಇದೆ, ಯೂಟ್ಯೂಬ್ ಇದೆ, ವಾಟ್ಸಾಪ್ ಫಾರ್ವರ್ಡ್ ಅಂತೂ ಕೇಳೋದೇ ಬೇಡ, ಈಗ ಎಐ ಬೇರೆ. ಮಾಹಿತಿ ಹೆಚ್ಚಾದ್ರೆ ಭಯ ಕಮ್ಮಿ ಆಗಬೇಕಲ್ವಾ, ಆಗಿದ್ದು ಉಲ್ಟಾ. ಯಾಕೆ ಹೀಗಾಯ್ತು ಅಂತ ಒಂದೊಂದೇ ಎಳೆ ಬಿಡಿಸಿ ನೋಡೋಣ.

ಇಪ್ಪತ್ನಾಲ್ಕು ಅನ್ನೋ ಅಂಕಿ

ಸರ್ಕಾರ ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ತಜ್ಞರ ಸಮಿತಿ ಮಾಡಿ ವರದಿ ಕೇಳ್ತು, ಜುಲೈನಲ್ಲೇ ವರದಿ ಬಂತು. ಅವರು ನೋಡಿದ್ದು 24 ಸಾವು. ಅದರಲ್ಲಿ ನಾಲ್ಕು ಹೃದಯಕ್ಕೆ ಸಂಬಂಧಪಟ್ಟಿದ್ದೇ ಅಲ್ಲ. ಉಳಿದವರಲ್ಲಿ ಹೆಚ್ಚಿನವರಿಗೆ ನಮಗೆಲ್ಲ ಗೊತ್ತಿರೋ ಕಾರಣಗಳೇ: ಶುಗರ್, ಬಿಪಿ, ಸಿಗರೇಟು, ಕುಡಿತ, ಬೊಜ್ಜು. ಹಿಂದಿನ ಅಂಕಿಗಳ ಜೊತೆ ಹೋಲಿಸಿದ್ರೆ ದಿಢೀರ್ ಏರಿಕೆ ಏನೂ ಕಾಣಲಿಲ್ಲ ಅಂತ ಸಮಿತಿ ಹೇಳ್ತು.

ಇದನ್ನ ನಂಬೋಕೆ ಜನಕ್ಕೆ ಕಷ್ಟ ಆಯ್ತು, ‘ಮುಚ್ಚಿ ಹಾಕ್ತಿದ್ದಾರೆ’ ಅಂದ್ರು. ಆದರೆ ಒಂದು ಸಣ್ಣ ಲೆಕ್ಕ ಹಾಕಿ. 2011ರ ಜನಗಣತಿ ಪ್ರಕಾರ ಹಾಸನ ಜಿಲ್ಲೆ ಜನಸಂಖ್ಯೆ 17.76 ಲಕ್ಷ. ನಮ್ಮ ದೇಶದಲ್ಲಿ ವರ್ಷಕ್ಕೆ ಸಾವಿರ ಜನಕ್ಕೆ ಸುಮಾರು ಆರೇಳು ಜನ ಸಾಯ್ತಾರೆ, ಅಂದ್ರೆ ಹಾಸನದಲ್ಲಿ ಯಾವ ಸುದ್ದಿನೂ ಇಲ್ಲದ ಮಾಮೂಲಿ 40 ದಿನದಲ್ಲೂ ಹೆಚ್ಚುಕಮ್ಮಿ 1,200 ಸಾವು ಆಗುತ್ತೆ. ದೇಶದಲ್ಲಿ ಆಗೋ ಸಾವಲ್ಲಿ ಕಾಲು ಭಾಗದಷ್ಟು ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದ. ಹಾಗಾಗಿ 300ರ ಆಸುಪಾಸು ಸಾವು ಪ್ರತಿ 40 ದಿನಕ್ಕೂ ಅಲ್ಲಿ ಆಗ್ತಾನೇ ಇರುತ್ತೆ, ಯಾರೂ ಎಣಿಸಲ್ಲ. ಆ ಜೂನ್‌ನಲ್ಲಿ ಎಣಿಸೋಕೆ ಶುರು ಮಾಡಿದ್ರು, ಅದೂ ಕೆಲವನ್ನ ಮಾತ್ರ.

ಹಾಗಂತ ಚಿಕ್ಕ ವಯಸ್ಸಿನವರ ಸಾವು ಸಣ್ಣ ವಿಷಯ ಅಂತ ಅಲ್ಲ. ಭಾರತೀಯರಿಗೆ ಪಾಶ್ಚಾತ್ಯರಿಗಿಂತ ಹತ್ತು ವರ್ಷ ಮುಂಚೆನೇ ಹೃದಯದ ಕಾಯಿಲೆ ಬರುತ್ತೆ ಅಂತ ಹೃದ್ರೋಗ ತಜ್ಞರು ಬಹಳ ಕಾಲದಿಂದ ಹೇಳ್ತಾ ಬಂದಿದ್ದಾರೆ. ಅದು ಹಾಸನದ ಸಮಸ್ಯೆ ಅಲ್ಲ, ಎಲ್ಲರದ್ದು, ವರ್ಷಗಳಿಂದ ಇರೋದು. ಆದರೆ ನಿಧಾನಕ್ಕೆ ನಡೀತಾ ಇರೋದು ಬ್ರೇಕಿಂಗ್ ನ್ಯೂಸ್ ಆಗಲ್ಲ ನೋಡಿ.

ಲಸಿಕೆ ವಾದ ಎಲ್ಲಿಂದ ಬಂತು

ಜುಲೈ 1ಕ್ಕೆ ಮುಖ್ಯಮಂತ್ರಿ ಸಿದ್ದರಾಮಯ್ಯ ಕೋವಿಡ್ ಲಸಿಕೆಗೆ ಆತುರದಲ್ಲಿ ಅನುಮತಿ ಕೊಟ್ಟಿದ್ದೂ ಒಂದು ಕಾರಣ ಇರಬಹುದು ಅನ್ನೋ ಅರ್ಥದಲ್ಲಿ ಬರೆದ್ರು, ಮಾರನೇ ದಿನವೇ ಕೇಂದ್ರ ಆರೋಗ್ಯ ಸಚಿವಾಲಯ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮತ್ತು ಏಮ್ಸ್ ಅಧ್ಯಯನಗಳನ್ನ ಮುಂದಿಟ್ಟು ಸಂಬಂಧ ಇಲ್ಲ ಅಂತು. ಓದೋರಿಗೆ ಯಾರನ್ನ ನಂಬೋದು? ಇದು ಕಾಂಗ್ರೆಸ್ಸು ಬಿಜೆಪಿ ಜಗಳ ಅಂತ ಅರ್ಧ ಜನ ಕೈ ಬಿಟ್ರು, ಇನ್ನರ್ಧ ಜನ ತಮ್ಮ ಪಕ್ಷದ ಉತ್ತರ ಆರಿಸ್ಕೊಂಡ್ರು.

ಐಸಿಎಂಆರ್ ಅಧ್ಯಯನ 19 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ 47 ಆಸ್ಪತ್ರೆಗಳಲ್ಲಿ 2023ರ ಮೇಯಿಂದ ಆಗಸ್ಟ್ ತನಕ ನಡೆದಿದ್ದು. ನೋಡೋಕೆ ಆರೋಗ್ಯವಾಗಿದ್ದು ಹಠಾತ್ತಾಗಿ ಸತ್ತ 18ರಿಂದ 45 ವರ್ಷದವರನ್ನ, ಬದುಕಿರೋ ಅಂಥವರದ್ದೇ ಇನ್ನೊಂದು ಗುಂಪಿನ ಜೊತೆ ಹೋಲಿಸಿದ್ರು. ಲಸಿಕೆಯಿಂದ ಅಪಾಯ ಹೆಚ್ಚಾಗಿದ್ದು ಕಾಣಲಿಲ್ಲ. ಹೆಚ್ಚಿಸಿದ್ದು ಯಾವುದು ಅಂದ್ರೆ, ಹಿಂದೆ ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದು, ಮನೆಯಲ್ಲಿ ಹಠಾತ್ ಸಾವಿನ ಇತಿಹಾಸ, ಸಾಯೋ ಮುಂಚಿನ 48 ಗಂಟೆಯಲ್ಲಿ ವಿಪರೀತ ಕುಡಿದಿದ್ದು ಅಥವಾ ಮೈ ಮೀರಿ ದಣಿದಿದ್ದು.

ಆದ್ರೂ ಫೋನಲ್ಲಿ ಹುಡುಕಿದ್ರೆ ಲಸಿಕೆಯಿಂದ ಹೃದಯಕ್ಕೆ ತೊಂದ್ರೆ ಅಂತ ನಿಜವಾದ ಪೇಪರ್‌ಗಳೇ ಸಿಗುತ್ತಲ್ಲ? ಸಿಗುತ್ತೆ. ಎಂಆರ್‌ಎನ್‌ಎ ಲಸಿಕೆಯಿಂದ ಅಪರೂಪಕ್ಕೆ ಹೃದಯದ ಸ್ನಾಯು ಊದಿಕೊಳ್ಳುತ್ತೆ, ಮುಖ್ಯವಾಗಿ ಯುವಕರಲ್ಲಿ, ಅದು ಒಪ್ಪಿಕೊಂಡ ಸತ್ಯ. ಆದರೆ ನಮ್ಮಲ್ಲಿ ಜನ ಹಾಕಿಸ್ಕೊಂಡಿದ್ದು ಹೆಚ್ಚಾಗಿ ಕೋವಿಶೀಲ್ಡ್, ಉಳಿದಂತೆ ಕೋವ್ಯಾಕ್ಸಿನ್, ಎರಡೂ ಎಂಆರ್‌ಎನ್‌ಎ ಅಲ್ಲ. ಕೋವಿಶೀಲ್ಡ್ ಬಗ್ಗೆನೂ 2024ರಲ್ಲಿ ಸುದ್ದಿ ಆಯ್ತು, ಆ ಲಸಿಕೆ ರೂಪಿಸಿದ ಆಸ್ಟ್ರಾಜೆನೆಕಾ ಕಂಪನಿ ಬ್ರಿಟನ್ ಕೋರ್ಟಲ್ಲಿ ತೀರಾ ಅಪರೂಪಕ್ಕೆ ಟಿಟಿಎಸ್ ಅನ್ನೋ ತೊಂದ್ರೆ ಆಗಬಹುದು ಅಂತ ಒಪ್ಕೊಂಡಿತ್ತು. ಅದೂ ನಿಜವೇ. ಅದು ಪ್ಲೇಟ್‌ಲೆಟ್ ಕಮ್ಮಿಯಾಗಿ ರಕ್ತ ಹೆಪ್ಪುಗಟ್ಟೋ ಕಾಯಿಲೆ, ಬಂದ್ರೆ ಸೂಜಿ ಚುಚ್ಚಿಸ್ಕೊಂಡ ಕೆಲವು ವಾರದೊಳಗೆ ಬರುತ್ತೆ, ಮೂರು ನಾಲ್ಕು ವರ್ಷ ಆದ್ಮೇಲೆ ಬರೋ ಹೃದಯಾಘಾತಕ್ಕೂ ಅದಕ್ಕೂ ಸಂಬಂಧ ಇಲ್ಲ.

ಹೀಗೆ ಒಂದು ದೇಶದ ಸತ್ಯ, ಇನ್ನೊಂದು ಲಸಿಕೆಯ ಸತ್ಯ, ಮತ್ಯಾವುದೋ ಕಾಯಿಲೆಯ ಸತ್ಯ ಮೂರನ್ನೂ ಒಂದೇ ದಾರದಲ್ಲಿ ಪೋಣಿಸಿದ್ರೆ ಸಿಗೋ ಮಾಲೆ ಮಾತ್ರ ಸುಳ್ಳು. ಫ್ಯಾಕ್ಟ್ ಚೆಕ್ ಮಾಡೋರಿಗೆ ಇದೇ ತಲೆನೋವು.

ನಿಮ್ಮ ಎದೆ ಬಗ್ಗೆ ಗೂಗಲ್‌ಗೆ ಏನು ಗೊತ್ತು

ಈಗ ಕ್ಯೂನಲ್ಲಿ ನಿಂತಿದ್ದ ಜನರ ವಿಷಯಕ್ಕೆ ಬರೋಣ. ‘ಮೊನ್ನೆ ತಾನೇ ಇಸಿಜಿ ಮಾಡಿಸಿದ್ರು, ನಾರ್ಮಲ್ ಇತ್ತು, ಇವತ್ತು ಹೋಗ್ಬಿಟ್ರು’ ಅನ್ನೋದು ಆ ದಿನಗಳಲ್ಲಿ ತುಂಬಾ ಓಡಾಡಿದ ಮಾತು. ಡಾಕ್ಟರ್ ತಪ್ಪು ಮಾಡಿದ್ರು ಅಂತಾನೋ ಏನೋ ನಿಗೂಢ ಇದೆ ಅಂತಾನೋ ಜನ ಅರ್ಥ ಮಾಡ್ಕೊಂಡ್ರು. ಎರಡೂ ಇರಬೇಕಾಗಿಲ್ಲ. ರಕ್ತನಾಳದ ಒಳಗೋಡೆಯಲ್ಲಿ ಕೊಬ್ಬು ಸೇರಿ ಗಂಟಾಗಿರುತ್ತೆ, ಒಂದು ದಿನ ಆ ಗಂಟು ಒಡೆದು ಅದರ ಮೇಲೆ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿಹೋಗುತ್ತೆ, ಹೃದಯಾಘಾತ ಅಂದ್ರೆ ಬಹಳ ಸಲ ಇಷ್ಟೇ. ಒಡೆಯೋ ತನಕ ಆ ಗಂಟು ದೊಡ್ಡದಾಗೇ ಇರಬೇಕು ಅಂತಿಲ್ಲ, ಸುಮ್ಮನೆ ಮಲಗಿಸಿ ತೆಗೆದ ಇಸಿಜಿಯಲ್ಲಿ ಕಾಣಲೇಬೇಕು ಅಂತನೂ ಇಲ್ಲ. ಇಸಿಜಿ ಹೇಳೋದು ಆ ಹೊತ್ತಿನ ವಿಷಯ, ನಾಳೆಯದ್ದಲ್ಲ.

ಹಾಗಾದ್ರೆ ಎಲ್ಲರಿಗೂ ಟಿಎಂಟಿ, ಅಂದ್ರೆ ಟ್ರೆಡ್‌ಮಿಲ್ ಮೇಲೆ ನಡೆಸಿ ಇಸಿಜಿ ನೋಡೋ ಟೆಸ್ಟ್, ಮಾಡಿಸ್ಬಿಟ್ರೆ? ಲೆಕ್ಕಕ್ಕೆ ಹೀಗೆ ಇಟ್ಕೊಳ್ಳಿ: ಏನೂ ತೊಂದ್ರೆ ಇಲ್ಲದ ಸಾವಿರ ಜನ ಬಂದ್ರು, ಅದರಲ್ಲಿ ನಿಜವಾಗಿ ಬ್ಲಾಕ್ ಇರೋರು 10 ಜನ. ಟೆಸ್ಟ್ ಆ ಹತ್ತರಲ್ಲಿ ಎಂಟು ಜನರನ್ನ ಹಿಡೀತು, ಆದರೆ ಸರಿ ಇರೋರಲ್ಲೂ ನೂರಕ್ಕೆ 15 ಜನಕ್ಕೆ ‘ಡೌಟ್ ಇದೆ’ ಅಂತು. ಅಂದ್ರೆ 990 ಜನರಲ್ಲಿ ಸುಮಾರು 148 ಜನ. ಒಟ್ಟು 156 ಜನ ರಿಪೋರ್ಟ್ ಹಿಡಿದು ಕೈ ನಡುಗಿಸ್ತಾ ಆಚೆ ಬರ್ತಾರೆ, ಅದರಲ್ಲಿ ನಿಜವಾದ ರೋಗಿಗಳು ಎಂಟೇ ಜನ. ಉಳಿದವರು ಆಂಜಿಯೋಗ್ರಾಮ್ ಮಾಡಿಸ್ಕೋಬೇಕು, ದುಡ್ಡು ಸುರೀಬೇಕು, ನಿದ್ದೆ ಬಿಡಬೇಕು. ತಪ್ಪಿಹೋದ ಇಬ್ಬರು ‘ನಾರ್ಮಲ್’ ಅಂತ ಧೈರ್ಯವಾಗಿ ಮನೆಗೆ ಹೋಗಿರ್ತಾರೆ.

ಇದನ್ನ ತಪ್ಪಿಸೋಕೆ ಟೆಸ್ಟಿಗೆ ಮುಂಚೆ ಒಂದು ಕೆಲಸ ಆಗಬೇಕು. ಎದೆ ನೋವು ಅಂತ ಬಂದವರಿಗೆ ಒಳ್ಳೆ ಡಾಕ್ಟರ್ ಮೊದಲು ಕೇಳೋದು ‘ಎಲ್ಲಿ, ಕೈ ಇಟ್ಟು ತೋರಿಸಿ’ ಅಂತ. ಒಬ್ಬರು ಒಂದೇ ಬೆರಳಲ್ಲಿ ‘ಇಲ್ಲೇ ಸಾರ್’ ಅಂತ ಚುಚ್ಚಿ ತೋರಿಸ್ತಾರೆ, ಅಲ್ಲೇ ಒತ್ತಿದ್ರೆ ‘ಅಯ್ಯೋ’ ಅಂತಾರೆ. ಅದು ಬಹುಶಃ ಸ್ನಾಯು. ಇನ್ನೊಬ್ಬರು ಏನೂ ಹೇಳದೆ ಮುಷ್ಟಿ ಕಟ್ಟಿ ಎದೆ ನಡುವೆ ಇಡ್ತಾರೆ, ಹಣೆ ಮೇಲೆ ಬೆವರು. ಅಲ್ಲಿಗೆ ಡಾಕ್ಟರ್ ಎದ್ದು ನಿಲ್ತಾರೆ. ಆಮೇಲೆ ಮೆಟ್ಟಿಲು ಹತ್ತಿದ್ರೆ ಹೆಚ್ಚಾಗುತ್ತಾ, ಊಟ ಆದ್ಮೇಲಾ, ಅಪ್ಪನಿಗೆ ಯಾವ ವಯಸ್ಸಲ್ಲಿ ಹಾರ್ಟ್ ತೊಂದ್ರೆ ಬಂತು, ಶುಗರ್ ಎಷ್ಟು ವರ್ಷದಿಂದ. ಶುಗರ್ ಇರೋರಿಗೆ ನೋವೇ ಇಲ್ಲದೆ ಬರೀ ಸುಸ್ತು ಉಬ್ಬಸ ಇರಬಹುದು, ಹೆಂಗಸರಿಗೆ ಹೊಟ್ಟೆ ತೊಳಸಿದ ಹಾಗೆ, ಬೆನ್ನು ನೋವಿನ ಹಾಗೆ ಬರಬಹುದು, ‘ಗ್ಯಾಸ್’ ಅಂತ ಜೆಲುಸಿಲ್ ಕುಡಿದು ಮಲಗಿಬಿಡೋದು ಇಂಥವರೇ. ಅನುಮಾನ ಗಟ್ಟಿ ಇದ್ರೆ ಮೊದಲ ಇಸಿಜಿ ಚೆನ್ನಾಗಿದ್ರೂ ಡಾಕ್ಟರ್ ಬಿಡಲ್ಲ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ತೆಗೀತಾರೆ, ಹೃದಯದ ಸ್ನಾಯುವಿಗೆ ಪೆಟ್ಟಾಗಿದ್ರೆ ತೋರಿಸೋ ಟ್ರೋಪೋನಿನ್ ರಕ್ತ ಪರೀಕ್ಷೆ ಮಾಡಿಸ್ತಾರೆ, ಬೇಕಾದ್ರೆ ಅದನ್ನೂ ಮತ್ತೆ ಮಾಡಿಸ್ತಾರೆ. ಆಗ 156 ಜನರ ಗುಂಪು ತಾನಾಗೇ ಕರಗುತ್ತೆ.

ಗೂಗಲ್ ಈ ಪ್ರಶ್ನೆಗಳನ್ನ ಕೇಳಲ್ಲ ಅಂತಲ್ಲ, ಈಗ ಎಐ ಕೇಳುತ್ತೆ. ಆದರೆ ಬೆವರನ್ನ ಅದು ನೋಡಲ್ಲ, ಒತ್ತಿ ನೋಡಲ್ಲ, ಗಂಡ ‘ಇಲ್ಲ ಸಾರ್ ಕುಡಿಯೋದು ಬಿಟ್ಟಿದ್ದೀನಿ’ ಅಂದಾಗ ಪಕ್ಕದಲ್ಲಿ ಹೆಂಡತಿ ಮುಖ ತಿರುಗಿಸಿದ್ದು ಅದಕ್ಕೆ ಕಾಣಲ್ಲ.

ಏಳು ರೂಪಾಯಿ ಕಿಟ್

2024ರಲ್ಲಿ ಒಂದು ಮೆಸೇಜ್ ಊರೆಲ್ಲಾ ಸುತ್ತಿತು: 7 ರೂಪಾಯಿಯ ಕಿಟ್ ಜೇಬಲ್ಲಿ ಇಟ್ಕೊಳ್ಳಿ, ಎದೆ ನೋವು ಬಂದ್ರೆ ನುಂಗಿ, ಜೀವ ಉಳಿಯುತ್ತೆ. ಉತ್ತರ ಪ್ರದೇಶದ ಕಾನ್ಪುರದಿಂದ ಬಂದ ವಿಷಯ, ಒಳಗೆ ಆಸ್ಪಿರಿನ್, ಸಾರ್ಬಿಟ್ರೇಟ್ ಸೇರಿ ಮೂರು ಥರದ ಮಾತ್ರೆ. ಇದು ‘ಜೋರಾಗಿ ಕೆಮ್ಮಿದ್ರೆ ಹೃದಯಾಘಾತ ನಿಲ್ಲುತ್ತೆ’ ಅನ್ನೋ ಹಳೇ ಬೊಗಳೆ ಥರ ಅಲ್ಲ, ನಿಜವಾದ ಹೃದಯಾಘಾತದಲ್ಲಿ ಆಸ್ಪಿರಿನ್ ಕೆಲಸಕ್ಕೆ ಬರುತ್ತೆ. ತೊಂದ್ರೆ ಇರೋದು ಅಲ್ಲೇ. ಎದೆಯ ದೊಡ್ಡ ರಕ್ತನಾಳ ಒಳಗೆ ಸೀಳಿದ್ರೂ ನೋವು ಹೀಗೇ ಬರುತ್ತೆ, ಆಗ ಆಸ್ಪಿರಿನ್ ಕೊಟ್ರೆ ಕೆಟ್ಟದ್ದು. ಹೊಟ್ಟೆ ಹುಣ್ಣಿಂದ ರಕ್ತ ಹೋಗ್ತಿರೋರಿಗೂ ಹಾಗೇ. ನಾಲಿಗೆ ಕೆಳಗಿಡೋ ಸಾರ್ಬಿಟ್ರೇಟ್ ಬಿಪಿ ಇಳಿಸುತ್ತೆ, ಬಿಪಿ ಆಗಲೇ ಬಿದ್ದಿರೋರಿಗೆ ಅಥವಾ ವಯಾಗ್ರ ಥರದ ಮಾತ್ರೆ ತಗೊಂಡಿರೋರಿಗೆ ಅದೇ ಕುತ್ತು. ವಯಾಗ್ರ ತಗೊಂಡಿದ್ದೀನಿ ಅಂತ ಫ್ಯಾಮಿಲಿ ಗ್ರೂಪಲ್ಲಿ ಯಾರು ಹೇಳ್ತಾರೆ?

ಉಪ್ಪಿನ ಬದಲು ಬ್ರೋಮೈಡ್

ಎಐ ಬಂದ್ಮೇಲೆ ಕೆಲವರು ಇನ್ನು ಈ ಜಂಜಾಟ ಮುಗೀತು ಅಂದ್ರು. ರಿಪೋರ್ಟ್ ಹಾಕಿದ್ರೆ ಕನ್ನಡದಲ್ಲೇ ಬಿಡಿಸಿ ಹೇಳುತ್ತೆ, ಸಿಡುಕಲ್ಲ, ರಾತ್ರಿ ಎರಡಕ್ಕೂ ಸಿಗುತ್ತೆ. ಇದೆಲ್ಲ ನಿಜವಾದ ಲಾಭ, ಅಲ್ಲಗಳೆಯೋಕಾಗಲ್ಲ.

ಆದರೆ 2025ರ ಆಗಸ್ಟ್‌ನಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ಕೇಸ್ ನೋಡಿ. 60 ವರ್ಷದ ಒಬ್ಬರು ಊಟದಲ್ಲಿ ಕ್ಲೋರೈಡ್ ಬಿಡಬೇಕು ಅಂತ ಹೊರಟು, ಚಾಟ್‌ಜಿಪಿಟಿ ಕೇಳಿ, ಅಡುಗೆ ಉಪ್ಪಿನ ಬದಲು ಸೋಡಿಯಂ ಬ್ರೋಮೈಡನ್ನ ಆನ್‌ಲೈನಲ್ಲಿ ತರಿಸಿ ಮೂರು ತಿಂಗಳು ತಿಂದ್ರು. ಕೊನೆಗೆ ಪಕ್ಕದ ಮನೆಯವನು ವಿಷ ಹಾಕ್ತಿದ್ದಾನೆ ಅನ್ನೋ ಭ್ರಮೆಯಲ್ಲಿ ಆಸ್ಪತ್ರೆಗೆ ಬಂದ್ರು, ಮೂರು ವಾರ ಇರಬೇಕಾಯ್ತು. ರಸಾಯನಶಾಸ್ತ್ರದ ಲೆಕ್ಕದಲ್ಲಿ ಕ್ಲೋರೈಡ್ ಜಾಗಕ್ಕೆ ಬ್ರೋಮೈಡ್ ಬರಬಹುದು, ಉತ್ತರ ಪೂರ್ತಿ ತಪ್ಪಲ್ಲ. ಯಾವ ಡಾಕ್ಟರನ್ನ ಕೇಳಿದ್ರೂ ಮೊದಲು ಬರ್ತಿದ್ದ ಮಾತು ‘ಅದೆಲ್ಲಾ ಯಾಕ್ರೀ ಬೇಕು ನಿಮಗೆ?’ ಅನ್ನೋದು. ಆ ‘ಯಾಕ್ರೀ’ ಅಲ್ಲಿ ಇರಲಿಲ್ಲ.

‘ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ’ ಅನ್ನೋ ಗಾದೆ ಇದೆಯಲ್ಲ, ಯೂಟ್ಯೂಬ್ ನಡೆಯೋದೇ ಅದರ ಮೇಲೆ. ಕೊಲೆಸ್ಟ್ರಾಲ್ ಮಾತ್ರೆ ಮೋಸ ಅನ್ನೋ ವಿಡಿಯೋ ಒಂದು ನೋಡಿದ್ರೆ ಅಂಥದ್ದೇ ಹತ್ತು ಬಂದು ಕೂರುತ್ತೆ. ಬಯಸದೇ ಇದ್ದದ್ದನ್ನ ಹೇಳೋಕೆ ಒಬ್ಬ ಮನುಷ್ಯ ಬೇಕು, ಅವನ ಮಾತು ಕೇಳೋಕೆ ಅವನ ಮೇಲೆ ನಂಬಿಕೆ ಬೇಕು.

ಜನ ಸುಮ್ನೆ ಫೋನ್ ಹಿಡಿದಿಲ್ಲ

ಇಲ್ಲಿವರೆಗೆ ಓದಿದ ಡಾಕ್ಟರ್‌ಗಳು ತಲೆ ಆಡಿಸ್ತಿರಬಹುದು, ಅವರಿಗೂ ಸ್ವಲ್ಪ ಹೇಳೋದಿದೆ. ನಂಬಿಕೆ ಹೋಗಿದ್ದಕ್ಕೆ ಬರೀ ವಾಟ್ಸಾಪ್ ಕಾರಣ ಅಲ್ಲ.

ಒಂದು, ಟೈಮ್. ಹಲವು ದೇಶಗಳ ಪ್ರಾಥಮಿಕ ಚಿಕಿತ್ಸೆ ಹೋಲಿಸಿ 2017ರಲ್ಲಿ ಬಂದ ಅಧ್ಯಯನದ ಪ್ರಕಾರ ಸ್ವೀಡನ್‌ನಲ್ಲಿ ಡಾಕ್ಟರ್ ಒಬ್ಬ ರೋಗಿಗೆ ಸರಾಸರಿ 22 ನಿಮಿಷಕ್ಕಿಂತ ಹೆಚ್ಚು ಕೊಡ್ತಾರೆ, ಭಾರತದಲ್ಲಿ ಸುಮಾರು ಎರಡು ನಿಮಿಷ. ಎರಡು ನಿಮಿಷದಲ್ಲಿ ಚೀಟಿ ಬರೀಬಹುದು, ಮುಷ್ಟಿನಾ ಬೆರಳಾ ಅಂತ ನೋಡೋಕೆ ಪುರುಸೊತ್ತೆಲ್ಲಿ? ಡಾಕ್ಟರ್ ಹೇಳದೇ ಬಿಟ್ಟ ಮಾತನ್ನ ರೋಗಿ ಬಸ್ ಸ್ಟಾಪಲ್ಲಿ ನಿಂತು ಫೋನಲ್ಲಿ ಹುಡುಕ್ತಾನೆ.

ಎರಡು, ದುಡ್ಡು. 2017ರ ಫೆಬ್ರವರಿಯಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ, ಹೃದಯದ ನಾಳ ಮುಚ್ಚದ ಹಾಗೆ ಒಳಗಿಡೋ ಸಣ್ಣ ಕೊಳವೆ ಸ್ಟೆಂಟ್‌ನ ಬೆಲೆಗೆ ಮಿತಿ ಹಾಕ್ತು. ಅಲ್ಲಿವರೆಗೆ ಲಕ್ಷಕ್ಕೂ ಮೇಲೆ ಹೋಗ್ತಿದ್ದ ಔಷಧ ಲೇಪಿತ ಸ್ಟೆಂಟ್ 29,600 ರೂಪಾಯಿಗೆ, ಮಾಮೂಲಿ ಲೋಹದ್ದು 7,260ಕ್ಕೆ ಇಳೀತು. ಜನ ಕೇಳಿದ್ದು ಒಂದೇ, ಹಾಗಾದ್ರೆ ಇಷ್ಟು ದಿನ ಮಿಕ್ಕಿದ್ದು ಯಾರ ಜೇಬಿಗೆ ಹೋಯ್ತು? ಅದೇ ವರ್ಷ ನವೆಂಬರಲ್ಲಿ ಖಾಸಗಿ ಆಸ್ಪತ್ರೆಗಳನ್ನ ಹದ್ದುಬಸ್ತಿಗೆ ತರೋ ಕೆಪಿಎಂಇ ತಿದ್ದುಪಡಿ ವಿರುದ್ಧ ರಾಜ್ಯದ ಖಾಸಗಿ ವೈದ್ಯರು ಮುಷ್ಕರ ಮಾಡಿದ್ರು, ಕೊನೆಗೆ ಬಿಗಿ ಅಂಶಗಳು ಸಡಿಲವಾಗಿ ಕಾನೂನು ಬಂತು. ರೆಫರ್ ಮಾಡಿದ್ದಕ್ಕೆ ಕಮಿಷನ್ ಇದೆ ಅನ್ನೋದು ಗುಟ್ಟೇನಲ್ಲ. ಇಷ್ಟೆಲ್ಲಾ ನೋಡಿರೋರು ‘ಸ್ಟೆಂಟ್ ಹಾಕ್ಬೇಕು’ ಅಂದ ಕೂಡಲೇ ನಂಬಬೇಕು ಅಂದ್ರೆ ಹೇಗೆ.

ಡಾಕ್ಟರ್‌ಗಳ ದೂರೂ ಸುಳ್ಳಲ್ಲ. ರೋಗಿ ಉಳಿಯದಿದ್ರೆ ಗಾಜು ಒಡೆಯೋ ಗುಂಪು ಬರುತ್ತೆ, ವೈದ್ಯರ ಮೇಲಿನ ಹಲ್ಲೆ ತಡೆಯೋಕೆ ಅಂತಲೇ ಕರ್ನಾಟಕ 2009ರಲ್ಲಿ ಕಾನೂನು ಮಾಡ್ತು ಅಂದ್ರೆ ಯೋಚನೆ ಮಾಡಿ. ಹೆದರಿದ ಡಾಕ್ಟರ್ ತನ್ನ ಸೇಫ್ಟಿಗೆ ಅಂತ ನಾಲ್ಕು ಟೆಸ್ಟ್ ಜಾಸ್ತಿ ಬರೀತಾರೆ, ಆ ಬಿಲ್ ನೋಡಿ ರೋಗಿಗೆ ಅನುಮಾನ ಇನ್ನೂ ಹೆಚ್ಚಾಗುತ್ತೆ, ಅನುಮಾನದ ಮುಖ ನೋಡಿ ಡಾಕ್ಟರ್‌ಗೆ ಇನ್ನೂ ಹೆದರಿಕೆ.

ಸುಳ್ಳು ಹೇಳೋ ರೋಗಿ

ನಂಬಿಕೆ ಅಂದ್ರೆ ಭಾವನಾತ್ಮಕ ವಿಷಯ, ವಿಜ್ಞಾನಕ್ಕೂ ಅದಕ್ಕೂ ಏನು ಅಂತ ಅನ್ನಿಸಬಹುದು. ಆದರೆ ಅದು ಇಲ್ಲದಿದ್ರೆ ಚಿಕಿತ್ಸೆಯ ಲೆಕ್ಕವೇ ತಪ್ಪುತ್ತೆ. ಬಿಪಿ ಮಾತ್ರೆ ಕಿಡ್ನಿ ಹಾಳು ಮಾಡುತ್ತೆ ಅಂತ ವಿಡಿಯೋ ನೋಡಿದವರು ಮಾತ್ರೆ ಬಿಡ್ತಾರೆ, ಬೈತಾರೆ ಅಂತ ಡಾಕ್ಟರ್‌ಗೆ ಹೇಳಲ್ಲ. ಡಾಕ್ಟರ್ ಬಿಪಿ ನೋಡ್ತಾರೆ, 170. ಮಾತ್ರೆ ಸಾಲ್ತಿಲ್ಲ ಅಂತ ಇನ್ನೊಂದು ಸೇರಿಸ್ತಾರೆ. ಒಂದಿನ ಪಕ್ಕದ ಬೀದಿಯಲ್ಲಿ ಯಾರೋ ಸ್ಟ್ರೋಕ್ ಆಗಿ ಬಿದ್ದ ಸುದ್ದಿ ಬರುತ್ತೆ, ಇವರು ಹೆದರಿ ಎರಡೂ ಮಾತ್ರೆ ಒಟ್ಟಿಗೆ ಶುರು ಮಾಡ್ತಾರೆ, ಬಿಪಿ ಪಾತಾಳಕ್ಕಿಳಿದು ಬಚ್ಚಲಲ್ಲಿ ತಲೆ ತಿರುಗಿ ಬೀಳ್ತಾರೆ. ಆಗ ‘ನೋಡಿ, ಇಂಗ್ಲಿಷ್ ಮಾತ್ರೆ ತಗೊಂಡೇ ಹೀಗಾಯ್ತು’. ಆ ವಿಡಿಯೋ ಪೂರ್ತಿ ಗಾಳಿ ಮಾತೂ ಅಲ್ಲ, ಬಿಪಿ ಮಾತ್ರೆಗಳಲ್ಲಿ ಕೆಲವಕ್ಕೆ ಕಿಡ್ನಿ ಪರೀಕ್ಷೆ ಮಾಡಿಸ್ತಾ ಇರಬೇಕು ಅನ್ನೋದು ನಿಜವೇ, ಆದರೆ ಬಿಪಿ ಹಾಗೇ ಬಿಟ್ರೆ ಕಿಡ್ನಿ ಹಾಳಾಗೋದು ಅದಕ್ಕಿಂತ ಖಚಿತ.

ಸ್ಟೆಂಟ್ ಹಾಕಿಸ್ಕೊಂಡವರ ವಿಷಯ ಇನ್ನೂ ಸೂಕ್ಷ್ಮ. ರಕ್ತ ತೆಳು ಮಾಡೋ ಮಾತ್ರೆಯಿಂದ ಕೈ ಮೇಲೆ ನೀಲಿ ಕಲೆ ಬರುತ್ತೆ, ಗೂಗಲ್ ಮಾಡಿದ್ರೆ ‘ರಕ್ತಸ್ರಾವದ ಅಪಾಯ’ ಅಂತ ಬರುತ್ತೆ, ತಾವೇ ನಿಲ್ಲಿಸ್ತಾರೆ. ಹೇಳಿದ ಅವಧಿಗೆ ಮುಂಚೆ ನಿಲ್ಲಿಸಿದ್ರೆ ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟಬಹುದು, ಅದು ಮತ್ತೊಂದು ಹೃದಯಾಘಾತ. ‘ಸಾರ್, ಕಲೆ ಬರ್ತಿದೆ’ ಅಂತ ಒಂದು ಫೋನ್ ಮಾಡೋ ಸಲಿಗೆ ಇದ್ದಿದ್ರೆ ಮುಗಿದುಹೋಗ್ತಿತ್ತು.

ಇದಕ್ಕೆ ನಮ್ಮಲ್ಲಿ ಹಳೇ ಹೆಸರಿದೆ, ಕೈಗುಣ. ‘ಅವರ ಕೈಗುಣ ಚೆನ್ನಾಗಿದೆ’ ಅಂತ ಹತ್ತು ಕಿಲೋಮೀಟರ್ ದೂರದ ಡಾಕ್ಟರ್ ಹತ್ರ ಹೋಗ್ತಿದ್ದವರನ್ನ ಮೂಢನಂಬಿಕೆ ಅಂತ ನಕ್ಕಿದ್ದೂ ಇದೆ. ಆದರೆ 2018ರಲ್ಲಿ ಬೇರೆ ಬೇರೆ ದೇಶಗಳ 22 ಅಧ್ಯಯನಗಳನ್ನ ಒಟ್ಟಿಗೆ ನೋಡಿದ ಪರಿಶೀಲನೆಯೊಂದು ಬಂತು: ಅದರಲ್ಲಿ 18ರಲ್ಲಿ, ಒಬ್ಬರೇ ಡಾಕ್ಟರನ್ನ ಬಿಡದೆ ಕಾಣೋರಲ್ಲಿ ಸಾವು ಕಮ್ಮಿ ಇತ್ತು. ಕಾರಣ ಮ್ಯಾಜಿಕ್ ಏನಲ್ಲ, ಆ ಡಾಕ್ಟರ್‌ಗೆ ಹಳೇ ಇಸಿಜಿ ಗೊತ್ತು, ಅಪ್ಪನ ಕಾಯಿಲೆ ಗೊತ್ತು, ಯಾವ ಮಾತ್ರೆ ಮೈಗೆ ಒಗ್ಗಲಿಲ್ಲ ಗೊತ್ತು, ರೋಗಿಗೂ ಅವರ ಮುಂದೆ ನಿಜ ಹೇಳೋಕೆ ಮುಜುಗರ ಇಲ್ಲ. ನಮ್ಮ ಪೇಟೆಗಳಲ್ಲಿ ಇಂಥ ಫ್ಯಾಮಿಲಿ ಡಾಕ್ಟರ್‌ಗಳ ಕ್ಲಿನಿಕ್ ಒಂದೊಂದೇ ಬಾಗಿಲು ಹಾಕ್ತಿದೆ, ಮಕ್ಕಳು ಸ್ಪೆಷಲಿಸ್ಟ್ ಆಗಿ ದೊಡ್ಡ ಆಸ್ಪತ್ರೆ ಸೇರಿದ್ದಾರೆ.

ಮುಂದೇನು

ಹಾಸನದ ಗಲಾಟೆ ಆದ್ಮೇಲೆ ಸರ್ಕಾರ ಕೆಲವು ತೀರ್ಮಾನ ಘೋಷಿಸ್ತು. ಹಠಾತ್ ಸಾವನ್ನ ಕಡ್ಡಾಯವಾಗಿ ವರದಿ ಮಾಡಬೇಕು, ಆಸ್ಪತ್ರೆ ಹೊರಗೆ ಹೀಗೆ ಸತ್ತವರ ಮರಣೋತ್ತರ ಪರೀಕ್ಷೆ ಆಗಬೇಕು ಅಂತ. ಇದು ಸರಿಯಾದ ದಾರಿ, ಯಾಕಂದ್ರೆ ಪೋಸ್ಟ್‌ಮಾರ್ಟಂ ಇಲ್ಲದೆ ‘ಹಾರ್ಟ್ ಅಟ್ಯಾಕ್’ ಅನ್ನೋದು ಎಷ್ಟೋ ಸಲ ಮನೆಯವರ ಊಹೆ ಅಷ್ಟೇ, ಕಾರಣ ಖಾಲಿ ಇರೋ ಕಡೆ ವದಂತಿ ಬಂದು ಕೂತ್ಕೊಳ್ಳುತ್ತೆ. ಆದರೆ ಮಗನನ್ನ ಕಳ್ಕೊಂಡ ತಂದೆ ತಾಯಿಯನ್ನ ಪೋಸ್ಟ್‌ಮಾರ್ಟಂಗೆ ಒಪ್ಪಿಸೋದು ಆದೇಶದಿಂದ ಆಗೋ ಕೆಲಸ ಅಲ್ಲ, ಗೊತ್ತಿರೋ ಡಾಕ್ಟರ್ ಪಕ್ಕದಲ್ಲಿ ಕೂತು ಹೇಳಬೇಕು.

ಇನ್ನೊಂದು ಪುನೀತ್ ಹೆಸರಿನ ಹೃದಯ ಜ್ಯೋತಿ ಯೋಜನೆ, ಅದನ್ನ ಎಲ್ಲಾ ತಾಲೂಕಿಗೂ ವಿಸ್ತರಿಸ್ತೀವಿ ಅಂದ್ರು. ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ಕಳಿಸಿದ್ರೆ ಜಯದೇವದ ತಜ್ಞರು ಕೆಲವೇ ನಿಮಿಷದಲ್ಲಿ ನೋಡಿ ಹೇಳ್ತಾರೆ, ಹೃದಯಾಘಾತ ಅಂತಾದ್ರೆ ಹೊರಗಡೆ ಹತ್ತಾರು ಸಾವಿರ ಬೆಲೆ ಬಾಳೋ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತ, ಹೆಪ್ಪುಗಟ್ಟಿದ ರಕ್ತ ಕರಗಿಸೋಕೆ. ಆ ಇಂಜೆಕ್ಷನ್ ಎಷ್ಟು ಬೇಗ ಬಿತ್ತೋ ಅಷ್ಟು ಹೃದಯ ಉಳಿಯುತ್ತೆ. ಕೊಡೋ ಮುಂಚೆ ಡಾಕ್ಟರ್ ಕೇಳಲೇಬೇಕಾದ ಪ್ರಶ್ನೆಗಳಿವೆ, ಹಿಂದೆ ಮೆದುಳಲ್ಲಿ ರಕ್ತಸ್ರಾವ ಆಗಿತ್ತಾ, ಇತ್ತೀಚೆಗೆ ಆಪರೇಷನ್ ಆಗಿದೆಯಾ, ಯಾವ ಮಾತ್ರೆ ತಗೋತಿದ್ದೀರಾ. ನಿಜವಾದ ಉತ್ತರ ಬೇಕು.

ಈಗ ಅರಕಲಗೂಡಿನ ಕಡೆ ಒಂದು ಹಳ್ಳಿಯಲ್ಲಿ ರಾತ್ರಿ ಎರಡು ಗಂಟೆಗೆ ಯಾರಿಗೋ ಎದೆ ಹಿಡ್ಕೊಳ್ತು ಅಂದ್ಕೊಳ್ಳಿ. ಮನೆಯವರು ಬಾಡಿಗೆ ಕಾರು ಮಾಡ್ತಾರೆ. ಒಬ್ಬ ದಾರಿಯುದ್ದಕ್ಕೂ ಫೋನಲ್ಲಿ ಹುಡುಕ್ತಾನೆ, ಇನ್ನೊಬ್ಬ ‘ತಾಲೂಕು ಆಸ್ಪತ್ರೆಲಿ ಏನಿದೆ ಮಣ್ಣು, ನೇರ ಮೈಸೂರಿಗೇ ಹೊಡಿ’ ಅಂತಾನೆ. ತಾಲೂಕು ಆಸ್ಪತ್ರೆಯ ಗೇಟ್ ರಸ್ತೆ ಪಕ್ಕದಲ್ಲೇ ಇದೆ, ಲೈಟ್ ಉರೀತಿದೆ, ಇಂಜೆಕ್ಷನ್ ಫ್ರಿಡ್ಜಲ್ಲಿದೆ. ಒಳಗಿರೋ ಡಾಕ್ಟರ್ ಯಾರು ಅಂತ ಕಾರಲ್ಲಿರೋ ಒಬ್ಬರಿಗೂ ಗೊತ್ತಿಲ್ಲ. ಕಾರು ಮುಂದಕ್ಕೆ ಹೋಗುತ್ತೆ.